ಕೋಟು ತೊಟ್ಟವರ ದುಃಖ

ರಾಮ್‌ಕುಮಾರ್ ಅವರ 'ಅನ್‌ಎಂಪ್ಲಾಯ್ಡ್ ಗ್ರಾಜುಯೇಟ್ಸ್' (1956) ಚಿತ್ರದ ಅಚ್ಚುಪ್ರತಿಯೊಂದನ್ನು ದೋಣಿಮಲೈಯ ನಮ್ಮ ಮನೆಗೆ ಒಯ್ದಿದ್ದೆ. ಕೋಟು ತೊಟ್ಟ ಪದವೀಧರರು, ಬತ್ತಿದ ಮುಖಗಳು. ನಮ್ಮವ್ವ ನೋಡಿ ಕೇಳಿದಳು: "ಮೈಮ್ಯಾಲೆ ಕೋಟು ಐತಲ್ಲೋ, ಮತ್ಯಾಕ ಹಿಂಗ ನಿಂತಾರ?" ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕನಾಗಿರುವ ನನಗೆ ಆ ಮುಖಗಳು ಪರಕೀಯವಲ್ಲ. ಆದರೂ ಅವ್ವನ ಪ್ರಶ್ನೆಗೆ ನಾನು ಓದಿದ ಕಲಾವಿಮರ್ಶೆಯಲ್ಲಿ ಉತ್ತರ ಸಿಗಲಿಲ್ಲ.

ಆ ವಿಮರ್ಶೆ ಹೇಳುವುದು ಇಷ್ಟು: ದೇಶವಿಭಜನೆ, ನಿರಾಶ್ರಿತರಿಂದ ತುಂಬಿದ ದೆಹಲಿ, ನಿರುದ್ಯೋಗ, ನಗರದ ಒಂಟಿತನ. ಇದು ಸುಳ್ಳಲ್ಲ. 1924ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ ರಾಮ್‌ಕುಮಾರ್ ಪ್ಯಾರಿಸ್ಸಿನಲ್ಲಿ ಆಂದ್ರೆ ಲೋತ್, ಫೆರ್ನಾಂದ್ ಲೆಜೆ ಅವರ ಬಳಿ ಕಲಿತವರು, ಎಡಪಂಥೀಯರು, ಹಿಂದಿ ಕಥೆಗಾರರೂ ಹೌದು. ಆದರೆ ಅವರು ಕಲೆಗಾಗಿ ಬ್ಯಾಂಕಿನ ನೌಕರಿ ಬಿಟ್ಟವರು. ಬಿಡಲಿಕ್ಕೂ ಒಂದು ನೌಕರಿ ಇರಬೇಕಲ್ಲ? 2011ರಲ್ಲಿ ಬಳ್ಳಾರಿಯ ಗಣಿಗಳು ನಿಂತಾಗ ಗಣಿಕೂಲಿಯಾಗಿದ್ದ ನಮ್ಮಪ್ಪನಿಗೆ ಆ ಆಯ್ಕೆ ಇರಲಿಲ್ಲ.

ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮ ಸ್ವೀಕರಿಸಿದರು; ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು. ನಮ್ಮ ಕೇರಿಗಳಲ್ಲಿ ಅವರು ಇಂದಿಗೂ ಕೋಟು ತೊಟ್ಟೇ ನಿಂತಿದ್ದಾರೆ. ಒಳ್ಳೆಯ ಬಟ್ಟೆ ಉಟ್ಟಿದ್ದಕ್ಕೇ ಏಟು ತಿಂದ ಜನ ನಾವು. ಚಿತ್ರದಲ್ಲಿ ಕೋಟು ಹುಸಿಯಾದ ಭರವಸೆ; ಕೇರಿಯಲ್ಲಿ ಅದು ಹೋರಾಡಿ ಪಡೆದ ಮಾನ. ಅವ್ವ ಬಲ್ಲದ್ದು ಈ ಎರಡನೆಯ ಕೋಟನ್ನು. ವಿಮರ್ಶೆ ಓದಿದ್ದು ಮೊದಲನೆಯದನ್ನು ಮಾತ್ರ. ಕಲಿತೂ ಕೆಲಸವಿಲ್ಲದ ದಲಿತ ತರುಣನ ಮೈಮೇಲೆ ಎರಡೂ ಕೋಟುಗಳಿವೆ.

1960ರಲ್ಲಿ ರಾಮ್‌ಕುಮಾರ್ ಎಂ.ಎಫ್. ಹುಸೇನರೊಂದಿಗೆ ಕಾಶಿಗೆ ಹೋದರು. ಆಮೇಲೆ ಅವರ ಕ್ಯಾನ್ವಾಸಿನಿಂದ ಮನುಷ್ಯರು ಮರೆಯಾಗುತ್ತ ಬಂದರು. ಮನೆ, ಘಾಟು, ನೀರು ಉಳಿದವು. ಇದನ್ನು ಅಮೂರ್ತದ ಕಡೆಗಿನ ಪಯಣ ಎನ್ನುತ್ತಾರೆ. ಇರಬಹುದು. ಆದರೆ ಕಾಶಿಯಲ್ಲಿ ಚಿತೆ ಉರಿಸುವವರು ಡೋಮರು. ಮನುಷ್ಯಾಕೃತಿ ಅಳಿದಾಗ ನೋಡುವವನಿಗೆ ಮೌನ ಸಿಗುತ್ತದೆ, ದುಡಿಯುವವನು ಕಾಣದಾಗುತ್ತಾನೆ. ದೋಣಿಮಲೈಯಲ್ಲಿ 1977ರಲ್ಲಿ ಎನ್‌ಎಂಡಿಸಿ ಗಣಿ ಶುರುವಾಯಿತು. ಈ ಸೀಮೆಯ ಎಷ್ಟೋ ಫೋಟೋಗಳನ್ನು ನೋಡಿದ್ದೇನೆ: ಕೆಂಪು ಗುಡ್ಡ ಇರುತ್ತದೆ, ಅಪ್ಪನಂಥವರು ಇರುವುದಿಲ್ಲ.

2018ರಲ್ಲಿ ತೀರಿಕೊಂಡ ಈ ದೊಡ್ಡ ಕಲಾವಿದನನ್ನು ತಿರಸ್ಕರಿಸಿ ಎನ್ನುತ್ತಿಲ್ಲ. 'ಆಧುನಿಕ ಮನುಷ್ಯ' ಎಂದಾಗಲೆಲ್ಲ ಅವನು ಯಾವ ಕೇರಿಯಿಂದ ಬಂದವನೆಂದು ಕೇಳೋಣ. ತರಗತಿಯಲ್ಲಿ ಈ ಚಿತ್ರ ತೋರಿಸುವಾಗ ನಾನೀಗ ಅವ್ವನ ಪ್ರಶ್ನೆಯಿಂದಲೇ ಪಾಠ ಶುರು ಮಾಡುತ್ತೇನೆ.