ಮುರಿದ ಮೇಲೆ ಜೋರಾದ ದೋಣಿ

ವಿದ್ಯಾನಗರದ ಪಕ್ಕದಲ್ಲೇ ತುಂಗೆ ಹರಿದರೂ ನಾನು ಮೊದಲು ಮೋಟಾರು ದೋಣಿ ಹತ್ತಿದ್ದು ಸಿಗಂದೂರಿಗೆ ಹೋಗುವಾಗ, ಶರಾವತಿ ಹಿನ್ನೀರಿನ ಹೊಳೆಬಾಗಿಲಲ್ಲಿ. ಬಸ್ಸನ್ನೇ ಹೊತ್ತ ಲಾಂಚು! (2025ರ ಜುಲೈನಲ್ಲಿ ಅಲ್ಲಿ ಸೇತುವೆಯೇ ಬಂತು ಬಿಡಿ.) ನೀರೊಳಗಿನ ಫ್ಯಾನು ದೊಡ್ಡದಾದಷ್ಟೂ ವೇಗ ಅಂದುಕೊಂಡಿದ್ದೆ.

ತಪ್ಪೆಂದು ಗೊತ್ತಾಗಿದ್ದು 1837ರ ಕಥೆ ಓದಿದ ಮೇಲೆ. ಇಂಗ್ಲೆಂಡಿನ ರೈತ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎರಡು ಸುತ್ತಿನ ಮರದ ಸ್ಕ್ರೂ ಜೋಡಿಸಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ದೋಣಿ ಓಡಿಸುತ್ತಿದ್ದ. ಏನಕ್ಕೋ ತಗುಲಿ ಅರ್ಧ ಸ್ಕ್ರೂ ಮುರಿಯಿತು... ದೋಣಿ ನಿಲ್ಲಲಿಲ್ಲ, ಇನ್ನೂ ಜೋರಾಗಿ ಓಡಿತು! ಮುರಿದ ಅರ್ಧ ಅಲ್ಲಿಯವರೆಗೆ ಬರೀ ನೀರು ಉಜ್ಜುತ್ತಿತ್ತು. ಆಮೇಲೆ ಅವನು ಒಂದೇ ಸುತ್ತಿನದ್ದು ಹಾಕಿಸಿದ.

ಮನೆಯಲ್ಲೇ ದೋಣಿ ಕಟ್ಟುವವರೂ ನೀರಿಗಿಳಿಸಿಯೇ ನೋಡಬೇಕು. ಎಂದಿನ ಭಾರ ಹೇರಿ ಪೂರ್ತಿ ಥ್ರಾಟಲ್ ಕೊಡಿ. ಇಂಜಿನ್ನಿಗೆ ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ಪ್ರೊಪೆಲ್ಲರಿನ ವ್ಯಾಸವೋ ಪಿಚ್ಚೋ ಹೆಚ್ಚಾಗಿದೆ; ಮೀರಿದರೆ ಕಡಿಮೆ.