ಮುಖ ನೋಡದ ವರ್ತಕ

ಕೆಲವು ವರುಷಗಳ ಹಿಂದಿನವರೆಗೂ ದೊಡ್ಡ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳನ್ನು ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವನ್ನು ವಾಚಕರಲ್ಲಿ ಕಾಣದವರು ವಿರಳ. ಅದರ ಮೇಲೆ ಹತ್ತಿ ನಿಂತು, ಸೀಳಿನೊಳಗೆ ನಾಣ್ಯ ಹಾಕಿದರೆ, ಒಳಗೆ ಗಡಗಡನೆ ಸದ್ದಾಗಿ ದಪ್ಪ ಕಾಗದದ ಚೀಟಿಯೊಂದು ಹೊರಬೀಳುತ್ತಿತ್ತು. ತೂಕದ ಜೊತೆಗೆ ಭವಿಷ್ಯವಾಣಿಯೂ ಅದರಲ್ಲಿ ಅಚ್ಚಾಗಿರುತ್ತಿತ್ತು.

ನಾನು ಹತ್ತು ವರುಷದ ಹುಡುಗನಾಗಿದ್ದಾಗ, ಗಾಡಿ ಬದಲಿಸಬೇಕಾಗಿದ್ದ ಒಂದು ಜಂಕ್ಷನ್ನಿನಲ್ಲಿ, ತಂದೆಯವರು ಕೊಟ್ಟ ಒಂದು ರೂಪಾಯಿಯನ್ನು ಇಂತಹ ಯಂತ್ರಕ್ಕೆ ಹಾಕಿದೆನು. ಯಂತ್ರವು ನಾಣ್ಯವನ್ನು ನುಂಗಿ ಸುಮ್ಮನಾಯಿತು. ಗುದ್ದಿದರೂ ಚೀಟಿ ಬರಲಿಲ್ಲ. ನಾನು ಅಳತೊಡಗಿದಾಗ ತಂದೆಯವರು, “ಅಂಗಡಿ ಐತೆ, ಅಂಗಡಿಯವನೇ ಇಲ್ಲ. ಯಾರನ್ನ ಕೇಳಾಣಪ್ಪ?” ಎಂದರು. ಆ ಪ್ರಶ್ನೆ ನನ್ನನ್ನು ಬಹುಕಾಲ ಬಿಡಲಿಲ್ಲ. ಸಂತೆಯಲ್ಲಿ ಕೊಳ್ಳುವವನು ಮಾರುವವನ ಮುಖವನ್ನೂ, ಮಾರುವವನು ಕೊಳ್ಳುವವನ ಮುಖವನ್ನೂ ನೋಡುತ್ತಾರೆ. ಎರಡು ಮುಖಗಳೂ ಇಲ್ಲದೆಡೆ ವ್ಯಾಪಾರವು ಯಾವುದರ ಮೇಲೆ ನಿಂತಿದೆ? ನಾಣ್ಯಯಂತ್ರಗಳ ಚರಿತ್ರೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ.

ಈ ಚರಿತ್ರೆಯ ಮೊದಲ ಪುಟ ಇರುವುದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ. ಕ್ರಿ. ಶ. 1ನೆಯ ಶತಮಾನದಲ್ಲಿ ಅಲ್ಲಿದ್ದ ಹೀರೊ ಎಂಬ ಗ್ರೀಕ್ ಯಂತ್ರಶಾಸ್ತ್ರಜ್ಞನು ತನ್ನ ‘ನ್ಯೂಮ್ಯಾಟಿಕಾ’ ಎಂಬ ಗ್ರಂಥದಲ್ಲಿ, ಪೂಜೆಯ ನೀರನ್ನು ಹಣಕ್ಕೆ ಕೊಡುವ ಪಾತ್ರೆಯೊಂದನ್ನು ವರ್ಣಿಸಿದ್ದಾನೆ. ಪಾತ್ರೆಯೊಳಗೆ ತಕ್ಕಡಿಯ ದಂಡದಂತೆ ಒಂದು ಸನ್ನೆಕೋಲು. ಅದರ ಒಂದು ತುದಿಯಲ್ಲಿ ಅಗಲವಾದ ತಟ್ಟೆ. ಇನ್ನೊಂದು ತುದಿಗೆ ನೀರಿನ ಕೊಳವೆಯನ್ನು ಮುಚ್ಚುವ ಮುಚ್ಚಳ. ಐದು ದ್ರಾಕ್ಮಾ ಬೆಲೆಯ ನಾಣ್ಯವು ಮೇಲಿನ ಸೀಳಿನಿಂದ ತಟ್ಟೆಯ ಮೇಲೆ ಬಿದ್ದೊಡನೆ ಆ ತುದಿ ತಗ್ಗುತ್ತದೆ, ಮುಚ್ಚಳ ಮೇಲೇಳುತ್ತದೆ, ನೀರು ಹರಿಯುತ್ತದೆ. ತಟ್ಟೆ ವಾಲಿದ್ದರಿಂದ ನಾಣ್ಯ ಜಾರಿ ಕೆಳಗೆ ಬಿದ್ದರೆ, ಸನ್ನೆಕೋಲು ಮೊದಲಿನ ಸ್ಥಿತಿಗೆ ಬಂದು ನೀರು ನಿಲ್ಲುತ್ತದೆ. ನಾಣ್ಯವು ಜಾರುವಷ್ಟು ಹೊತ್ತೇ ನೀರಿನ ಅಳತೆ.

ಇದನ್ನು ನನ್ನ ಶಾಲೆಯಲ್ಲಿ ಹಳೆಯ ಡಬ್ಬಿ, ಬಿದಿರುಕಡ್ಡಿ, ರಬ್ಬರು ಚೂರುಗಳಿಂದ ಮಕ್ಕಳೊಡನೆ ಮಾಡಿ ನೋಡಿದೆನು. ರೂಪಾಯಿ ಹಾಕಿದಾಗ ನೀರು ಬಂದಿತು. ಕೂಡಲೇ ಹಿಂದಿನ ಸಾಲಿನ ಹುಡುಗನೊಬ್ಬನು ಅಂಗಳಕ್ಕೆ ಓಡಿಹೋಗಿ ಚಪ್ಪಟೆಯಾದ ಕಲ್ಲೊಂದನ್ನು ತಂದು ಹಾಕಿದನು. ಆಗಲೂ ನೀರು ಬಂದಿತು! ತರಗತಿಯೆಲ್ಲ ನಕ್ಕಿತು. ಮುಂದೆ ಈ ಯಂತ್ರಗಳನ್ನು ಮಾಡಿದವರೆಲ್ಲರನ್ನೂ ಕಾಡಿದ ತೊಡಕನ್ನು ಆ ಹುಡುಗನು ಅರೆಕ್ಷಣದಲ್ಲಿ ಕಂಡುಹಿಡಿದಿದ್ದನು. ಯಂತ್ರಕ್ಕೆ ತೂಕ ತಿಳಿಯುತ್ತದೆ, ಹಣ ತಿಳಿಯುವುದಿಲ್ಲ.

ಹೀರೊನ ಬಳಿಕ ಇಂತಹ ಯಂತ್ರದ ಮಾತು ಬಹುಕಾಲ ಹಿಂದೆ ಸರಿಯಿತು. ಮುಂದೆ ಇಂಗ್ಲೆಂಡಿನ ಪಾನಗೃಹಗಳಲ್ಲಿ ಹೊಗೆಸೊಪ್ಪಿನ ಹಿತ್ತಾಳೆಯ ಪೆಟ್ಟಿಗೆಗಳು ಕಾಣಿಸಿಕೊಂಡವು. ನಾಣ್ಯ ಬಿದ್ದರೆ ಮುಚ್ಚಳವೇನೋ ತೆರೆಯುತ್ತಿತ್ತು. ಆದರೆ ಎಷ್ಟು ಸೊಪ್ಪು ತೆಗೆದುಕೊಳ್ಳಬೇಕೆಂಬುದು ಗಿರಾಕಿಯ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗಿತ್ತು. ಆದುದರಿಂದಲೇ ಅವಕ್ಕೆ ‘ಮರ್ಯಾದೆಯ ಪೆಟ್ಟಿಗೆ’ ಎಂಬರ್ಥದ ಹೆಸರು ಬಂದಿತು. 1822ರಲ್ಲಿ ಲಂಡನ್ನಿನ ಪ್ರಕಾಶಕ ರಿಚರ್ಡ್ ಕಾರ್ಲೈಲನು, ಸರಕಾರವು ಅಪರಾಧವೆಂದು ಎಣಿಸಿದ ಪುಸ್ತಕಗಳನ್ನು ಮಾರಲು ಬೇರೊಂದು ಉಪಾಯ ಹೂಡಿದನು. ಗಿರಾಕಿಯು ಮುಳ್ಳನ್ನು ಬೇಕಾದ ಪುಸ್ತಕದ ಗುರುತಿಗೆ ತಿರುಗಿಸಿ ಹಣ ಹಾಕಿದರೆ ಪುಸ್ತಕವು ಮುಂದೆ ಬೀಳುತ್ತಿತ್ತು. ಮಾರಿದವರು ಇಂಥವರೆಂದು ಯಾರೂ ಸಾಕ್ಷಿ ಹೇಳಬಾರದೆಂಬುದು ಅವನ ಎಣಿಕೆ. ಆದರೂ ಅವನ ಅಂಗಡಿಯ ಕೆಲಸಗಾರರಿಗೆ ಶಿಕ್ಷೆ ತಪ್ಪಲಿಲ್ಲ.

1857ರಲ್ಲಿ ಸಿಮಿಯನ್ ಡೆನ್ಹಮ್ ಎಂಬವನು ಅಂಚೆಚೀಟಿ ಮಾರುವ ಯಂತ್ರಕ್ಕೆ ಬ್ರಿಟಿಷ್ ಪೇಟೆಂಟು ಪಡೆದನು. ಆದರೆ ಇಂತಹ ಯಂತ್ರಗಳು ಬೀದಿಗೆ ಬಂದು ನೆಲೆ ನಿಂತದ್ದು ಪರ್ಸಿವಲ್ ಎವೆರಿಟ್ಟನಿಂದ. 1883ರ ಸುಮಾರಿಗೆ ಅವನ ಅಂಚೆಕಾರ್ಡಿನ ಯಂತ್ರಗಳು ಲಂಡನ್ನಿನ ರೈಲು ನಿಲ್ದಾಣಗಳಲ್ಲಿ ನಿಂತವು. ನಾಣ್ಯ ಹಾಕುವ ತೂಕದ ಯಂತ್ರವನ್ನು ಪ್ರಚಾರಕ್ಕೆ ತಂದವನೂ ಅವನೇ. ಜನರು ಸೀಳಿನೊಳಗೆ ಕಾಗದ, ಕಿತ್ತಳೆಯ ಸಿಪ್ಪೆ ಮುಂತಾದ ಕಸವನ್ನು ಬೇಕೆಂದೇ ತುರುಕುತ್ತಾರೆಂದು ಅವನು ತನ್ನ ಪೇಟೆಂಟೊಂದರಲ್ಲಿ ದೂರಿಕೊಂಡಿದ್ದಾನೆ. ನಾಣ್ಯಯಂತ್ರವೂ ಅದರ ರಿಪೇರಿಯೂ ಅವಳಿ ಮಕ್ಕಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1888ರಲ್ಲಿ ಅಮೆರಿಕದಲ್ಲಿ ಥಾಮಸ್ ಆಡಮ್ಸನ ಸಂಸ್ಥೆಯು ನ್ಯೂಯಾರ್ಕಿನ ಎತ್ತರದ ರೈಲುದಾರಿಯ ನಿಲ್ದಾಣಗಳಲ್ಲಿ ಅಗಿಯುವ ಗಮ್ ಮಾರುವ ಯಂತ್ರಗಳನ್ನು ಇಟ್ಟಿತು.

ಅಂಗಳದ ಕಲ್ಲಿಗೆ ಈ ಯಂತ್ರಗಳು ಹೇಗೆ ಉತ್ತರ ಹೇಳಿದವು? ಗಮ್ ಉಂಡೆಗಳ ಚಿಕ್ಕ ಯಂತ್ರದಲ್ಲಿ ನಾಣ್ಯವು ಬೀಗದ ಕೈಯಂತೆ ಕೆಲಸಮಾಡುತ್ತದೆ. ಹಿಡಿಕೆಯ ಹಿಂದಿನ ಚಕ್ರದಲ್ಲಿ ನಾಣ್ಯದ ಅಳತೆಗೆ ಸರಿಯಾದ ಗೂಡು. ಅದು ಬರಿದಾಗಿದ್ದರೆ ಒಂದು ತಡೆಹಲ್ಲು ಗೂಡಿನೊಳಕ್ಕೆ ಬಿದ್ದು ಚಕ್ರವನ್ನು ಹಿಡಿಯುತ್ತದೆ. ನಾಣ್ಯವಿದ್ದರೆ ಹಲ್ಲು ಅದರ ಅಂಚಿನ ಮೇಲೆ ಜಾರಿಹೋಗಿ, ಚಕ್ರ ಒಂದು ಸುತ್ತು ತಿರುಗಿ, ಉಂಡೆಯೊಂದು ಕೆಳಗೆ ಬೀಳುತ್ತದೆ. ದೊಡ್ಡ ಯಂತ್ರಗಳಲ್ಲಾದರೋ ನಾಣ್ಯವು ಒಂದಾದ ಮೇಲೊಂದು ಪರೀಕ್ಷೆಯನ್ನು ಗೆಲ್ಲಬೇಕು. ಸೀಳು ಅದರ ದಪ್ಪವನ್ನೂ ಅಗಲವನ್ನೂ ಅಳೆಯುತ್ತದೆ. ಒಳಗಿನ ತೊಟ್ಟಿಲು ತೂಕವನ್ನು ನೋಡುತ್ತದೆ. ಹಗುರವಾದುದಕ್ಕೆ ಅದು ವಾಲುವುದಿಲ್ಲ. ಅಯಸ್ಕಾಂತವು ಕಬ್ಬಿಣದ ಬಿಲ್ಲೆಯನ್ನು ಹಿಡಿದಿಡುತ್ತದೆ. ತಾಮ್ರ, ಬೆಳ್ಳಿಗಳು ಅಯಸ್ಕಾಂತಕ್ಕೆ ಅಂಟದಿದ್ದರೂ ಅದರ ಬಳಿ ಉರುಳುವಾಗ ತಮ್ಮೊಳಗೆ ಹುಟ್ಟುವ ವಿದ್ಯುತ್ತಿನಿಂದ ನಿಧಾನಗೊಳ್ಳುತ್ತವೆ. ಆ ವೇಗದಿಂದ ಲೋಹದ ಜಾತಿ ತಿಳಿಯುತ್ತದೆ. ಕೊನೆಗೆ ಗಟ್ಟಿಯಾದ ಉಕ್ಕಿನ ಅಡಿಗಲ್ಲಿನ ಮೇಲೆ ಬಿದ್ದ ಸರಿಯಾದ ನಾಣ್ಯ ಪುಟಿದು ತಡೆಯನ್ನು ದಾಟುತ್ತದೆ; ಮೆತ್ತಗಿನ ಸೀಸದ ಬಿಲ್ಲೆ ಈಚೆಗೇ ಬಿದ್ದು ಹೊರಕ್ಕೆ ಹೋಗುತ್ತದೆ. ಇಷ್ಟು ಪರೀಕ್ಷೆಗಳಲ್ಲಿ ಒಂದೂ ನಾಣ್ಯದ ಮೇಲಿನ ಮುದ್ರೆಯನ್ನಾಗಲಿ ಅಕ್ಷರವನ್ನಾಗಲಿ ಓದುವುದಿಲ್ಲವೆಂಬುದು ಗಮನಾರ್ಹ.

ಹೀಗಾಗಿ ನಾಣ್ಯದ ಮೈ ಬದಲಾದೊಡನೆ ಯಂತ್ರಕ್ಕೆ ದಿಕ್ಕು ತಪ್ಪುತ್ತದೆ. 1943ರಲ್ಲಿ, ಯುದ್ಧಕ್ಕೆ ತಾಮ್ರ ಬೇಕಾದುದರಿಂದ, ಅಮೆರಿಕದ ಸರಕಾರವು ಸತುವಿನ ಲೇಪವಿದ್ದ ಉಕ್ಕಿನ ಸೆಂಟುಗಳನ್ನು ಟಂಕಿಸಿತು. ಯಂತ್ರಗಳ ಅಯಸ್ಕಾಂತವು ಸರಕಾರದ ಆ ಸಾಚಾ ನಾಣ್ಯವನ್ನೇ ಖೋಟಾ ಬಿಲ್ಲೆಯೆಂದು ಹಿಡಿಯಿತು! 1965ರಲ್ಲಿ ಅಲ್ಲಿನ ಕಾಲು ಡಾಲರಿನಿಂದ ಬೆಳ್ಳಿಯನ್ನು ತೆಗೆದಾಗ, ಹಳೆಯ ಯಂತ್ರಗಳು ಒಪ್ಪುವಂತೆ ತಾಮ್ರ ನಿಕ್ಕಲುಗಳ ಪದರಗಳನ್ನು ಆರಿಸಿಕೊಂಡರು. ಬೆಲೆಯನ್ನೂ ಯಂತ್ರವೇ ಕಟ್ಟಿಹಾಕಿದ್ದುಂಟು. ಗಾಜಿನ ಪುಟ್ಟ ಬಾಗಿಲುಗಳ ಹಿಂದೆ ತಿಂಡಿಯಿಟ್ಟು ಮಾರುತ್ತಿದ್ದ ‘ಆಟೋಮ್ಯಾಟ್’ ಎಂಬ ಉಪಾಹಾರಗೃಹವನ್ನು ಹಾರ್ನ್ ಮತ್ತು ಹಾರ್ಡಾರ್ಟ್ ಎಂಬವರು 1902ರಲ್ಲಿ ಫಿಲಡೆಲ್ಫಿಯಾದಲ್ಲಿ ತೆರೆದರು. ಅವರ ಕೊನೆಯ ಆಟೋಮ್ಯಾಟ್ ಮುಚ್ಚಿದ್ದು 1991ರಲ್ಲಿ, ನ್ಯೂಯಾರ್ಕಿನಲ್ಲಿ. ಅಲ್ಲಿ ಕಾಫಿಯ ಬೆಲೆ 1950ರವರೆಗೂ 5 ಸೆಂಟಿನ ಒಂದೇ ನಾಣ್ಯ. ಕೋಕಾಕೋಲಾದ ಯಂತ್ರಗಳೂ ಆ ನಾಣ್ಯವನ್ನೇ ನಂಬಿದ್ದವು. 1953ರಲ್ಲಿ ಆ ಸಂಸ್ಥೆಯ ಮುಖ್ಯಸ್ಥ ರಾಬರ್ಟ್ ವುಡ್ರಫರು ಏಳೂವರೆ ಸೆಂಟಿನ ನಾಣ್ಯವನ್ನು ಹೊರಡಿಸಬೇಕೆಂದು ರಾಷ್ಟ್ರಾಧ್ಯಕ್ಷ ಐಸೆನ್‌ಹೋವರರನ್ನು ಕೇಳಿಕೊಂಡರು. ಆ ಕೋರಿಕೆ ಈಡೇರಲಿಲ್ಲ.

ನಮ್ಮ ದೇಶದಲ್ಲಿಯೂ ಇದಕ್ಕೆ ಸೊಗಸಾದ ಉದಾಹರಣೆಯುಂಟು. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯ ಅಡ್ಡಳತೆ 25 ಮಿಲಿಮೀಟರು, ತೂಕ 4.85 ಗ್ರಾಂ. 2011ರ ಹೊಸ ಒಂದು ರೂಪಾಯಿ ಸುಮಾರು 22 ಮಿಲಿಮೀಟರಿಗೆ ಕುಗ್ಗಿತು. ಅದೇ ವರುಷದ ಎರಡು ರೂಪಾಯಿಗೆ ಹಳೆಯ ಒಂದು ರೂಪಾಯಿಯ ಅಗಲವೂ ತೂಕವೂ ಬಂದವು. ಹಳೆಯ ಯಂತ್ರದ ಮುಂದೆ ಇವನ್ನು ಹಿಡಿದರೆ, ಹೊಸ ಒಂದು ರೂಪಾಯಿ ಅದಕ್ಕೆ ಏನೂ ಅಲ್ಲ. ಎರಡು ರೂಪಾಯಿಯೇ ಒಂದು ರೂಪಾಯಿ. ಯಂತ್ರದಲ್ಲಿ ಕೆಟ್ಟದ್ದೇನೂ ಇಲ್ಲ, ಆದರೂ ಅದು ಸುಳ್ಳು ಹೇಳುತ್ತದೆ.

ಆದುದರಿಂದ ಹಳೆಯ ನಾಣ್ಯಯಂತ್ರದ ರಿಪೇರಿಯೆಂಬುದು ಕೇವಲ ತಿರುಪು ಬಿಗಿಯುವ ಕೆಲಸವಲ್ಲ. ಮೊದಲ ಕೆಲಸ, ನಾಣ್ಯದ ಜಾಡನ್ನು ಬಿಚ್ಚಿ ಕೈಕೊಳೆಯಿಂದ ಕಟ್ಟಿದ ಜಿಡ್ಡನ್ನು ಒರೆಸುವುದು. ಹೊಸಬರು ಇಲ್ಲಿಯೇ ಎಡವುತ್ತಾರೆ. ನಾಣ್ಯ ಸಲೀಸಾಗಿ ಜಾರಲೆಂದು ಜಾಡಿಗೆ ಎಣ್ಣೆ ಬಿಡುತ್ತಾರೆ; ಎಣ್ಣೆಗೆ ಧೂಳು ಕೂಡಿ ಕೆಲವೇ ದಿನಗಳಲ್ಲಿ ಅಂಟಾಗುತ್ತದೆ. ನಾಣ್ಯ ಉರುಳುವ ಜಾಡು ಒಣಗಿರಬೇಕು. ಅಚ್ಚುಗಳಿಗೆ ಮಾತ್ರ ತೆಳುವಾದ ಎಣ್ಣೆಯ ಒಂದೊಂದು ತೊಟ್ಟು ಸಾಕು. ಸೋತ ಸ್ಪ್ರಿಂಗನ್ನು ಎಳೆದು ಬಿಗಿಮಾಡದೆ ಅದೇ ಬಲದ ಬೇರೊಂದನ್ನು ಹಾಕಬೇಕು. ನಾಣ್ಯ ಸಿಕ್ಕಿಕೊಳ್ಳುವುದೆಂದು ಸೀಳನ್ನು ಅರದಿಂದ ಉಜ್ಜಿ ಅಗಲ ಮಾಡಬಾರದು. ಅಗಲವಾದ ಸೀಳು ಅಂಗಳದ ಕಲ್ಲನ್ನೂ ಒಪ್ಪುತ್ತದೆ. ಕೊನೆಗೆ ಹೊಸ ನಾಣ್ಯಗಳನ್ನೂ, ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯಗಳನ್ನೂ ಹಾಕಿ ನೋಡಬೇಕು. ಸವೆದ ನಾಣ್ಯವು ತುಸು ಹಗುರ. ಆದರೆ ಅದನ್ನು ತಂದವನು ಮೋಸಗಾರನಲ್ಲ. ಸುಳ್ಳನ್ನು ಒಪ್ಪದಂತೆಯೂ ಸವೆದ ನಿಜವನ್ನು ತಳ್ಳದಂತೆಯೂ ತೊಟ್ಟಿಲನ್ನು ಹೊಂದಿಸುವುದರಲ್ಲಿಯೇ ರಿಪೇರಿಯವನ ಜಾಣ್ಮೆಯಿದೆ.

ತಂದೆಯವರು ಈಗಿಲ್ಲ. ಇದ್ದಿದ್ದರೆ ಅವರಿಗೆ ಹೀಗೆ ಹೇಳುತ್ತಿದ್ದೆನು: ಆ ಅಂಗಡಿಗೂ ಅಂಗಡಿಯವನೊಬ್ಬನು ಇದ್ದನು. ಅಳತೆಯನ್ನು ನಿಶ್ಚಯಿಸಿದವನು ಹಾಗೂ ಆ ಅಳತೆಯನ್ನು ಕಾಯಬೇಕಾದ ರಿಪೇರಿಯವನು, ಇವರಿಬ್ಬರೂ ಸೇರಿ ಆ ಒಬ್ಬ ಅಂಗಡಿಯವನು. ಕೊಳ್ಳುವವನ ಮುಖವನ್ನು ಅವನು ಎಂದೂ ನೋಡುವುದಿಲ್ಲ. ಆದರೂ ತಿರುಪುಳಿ ಹಿಡಿದು ಕುಳಿತಾಗ, ನಾಳೆ ಯಾವುದೋ ನಿಲ್ದಾಣದಲ್ಲಿ ಒಂದು ರೂಪಾಯಿ ಹಿಡಿದು ನಿಲ್ಲುವ ಹುಡುಗನನ್ನು ಅವನು ನೆನೆಯಬೇಕಾಗುತ್ತದೆ. ನಾನು ಗುದ್ದಿದ ಆ ಯಂತ್ರದಲ್ಲಿ ಕೆಟ್ಟದ್ದು ಬಹುಶಃ ಒಂದು ಚಿಕ್ಕ ಸ್ಪ್ರಿಂಗು. ಅದನ್ನು ನೋಡಲು ಯಾರೂ ಬಂದಿರಲಿಲ್ಲ, ಅಷ್ಟೆ.