ಎಣ್ಣೆ ನಗರಕ್ಕೆ ಎಣ್ಣೆ ಎಲ್ಲಿಂದ ಬರ್ತಿದೆ?

ವೀಕ್ಷಕರೇ, ಚಳ್ಳಕೆರೆಗೆ ಇನ್ನೊಂದು ಹೆಸರಿದೆ, ಎಣ್ಣೆ ನಗರ. ಎರಡನೇ ಮುಂಬೈ ಅಂತಲೂ ಕರೀತಿದ್ರು. ಸಮುದ್ರವಿಲ್ಲ, ಬಂದರಿಲ್ಲ, ನೆಟ್ಟಗೆ ಮಳೆಯೂ ಇಲ್ಲ. ಈ ಊರು ಮುಂಬೈ ಆಗಿದ್ದು ಹೇಗೆ?

ಶೇಂಗಾದಿಂದ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಬಿದ್ದಷ್ಟು ಮಳೆಗೆ ಬೆಳೆದ ಶೇಂಗಾ ಇಲ್ಲಿನ ಆಯಿಲ್ ಮಿಲ್‌ಗಳಿಗೆ ಬರ್ತಿತ್ತು. ಎಣ್ಣೆ ಪೇಟೆಗೆ, ಹಿಂಡಿ ದನಕ್ಕೆ, ಸಿಪ್ಪೆ ಒಲೆಗೆ. ರೈತ, ಹಮಾಲಿ, ಲಾರಿ ಡ್ರೈವರ್, ಮಂಡಿ ವರ್ತಕ, ಎಲ್ಲರ ಮನೆ ದೀಪ ಉರಿದದ್ದು ಅದೇ ಎಣ್ಣೆಯಲ್ಲಿ.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. ತೊಂಬತ್ತರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ತನ್ನ ಕಾಲ ಮೇಲೆ ನಿಂತಿತ್ತು. ಆಮೇಲೇನಾಯ್ತು? 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಆಗ ಸುಂಕ ಶೇ. 65 ಇತ್ತು. 1998ರ ಹೊತ್ತಿಗೆ ಶೇ. 15! ಮಲೇಷ್ಯಾ, ಇಂಡೋನೇಷ್ಯಾದ ಅಗ್ಗದ ಎಣ್ಣೆ ಹಡಗಿನಲ್ಲಿ ಬಂದಿಳಿಯಿತು. ಚಳ್ಳಕೆರೆಯಲ್ಲಿ ಒಂದೊಂದೇ ಮಿಲ್ ಸದ್ದು ನಿಲ್ಲಿಸಿತು.

ತಪ್ಪೆಲ್ಲ ಪಾಮ್ ಆಯಿಲ್‌ದೇ ಅಂತ ನಾನು ಹೇಳಲ್ಲ. ಬರವೂ ಕಾಡಿತು. ಬಡವರ ಮನೆಯ ಬಾಣಲೆಗೆ ಅಗ್ಗದ ಎಣ್ಣೆ ಬಂತು ಅನ್ನೋದೂ ನಿಜ.

ಮೊಳಕಾಲ್ಮುರು ರೇಷ್ಮೆ ಸೀರೆ ನೋಡಿ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ನೇಕಾರನಿಗೆ ಚೀನಾ ನೂಲು ಅಗ್ಗವಾಯ್ತು, ನಮ್ಮ ಗೂಡು ಬೆಳೆಗಾರ ಬೀದಿಗಿಳಿದ. ಒಬ್ಬರ ಅಗ್ಗ ಇನ್ನೊಬ್ಬರ ಅನ್ನ.

ಅಗ್ಗದ ನಿಜವಾದ ಬಿಲ್ ಬಂದದ್ದು 2022ರಲ್ಲಿ. ಯುಕ್ರೇನ್‌ನಲ್ಲಿ ಯುದ್ಧ, ಸೂರ್ಯಕಾಂತಿ ಎಣ್ಣೆಗೆ ಕುತ್ತು. ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಪಾಮ್ ಆಯಿಲ್ ರಫ್ತನ್ನೇ ನಿಲ್ಲಿಸಿತು. ನಮ್ಮ ಅಡುಗೆಮನೆಯ ರೇಟನ್ನು ಜಕಾರ್ತದಲ್ಲಿ ಬರೆದರು. ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿಂದ ತರುವ ದೇಶ ಇನ್ನೇನು ಮಾಡೀತು?

ಸುಂಕವನ್ನು ಒಂದೇ ರಾತ್ರಿಯಲ್ಲಿ ಏರಿಸಬಹುದು, ಇಳಿಸಬಹುದು. ಮುಚ್ಚಿದ ಮಿಲ್ಲನ್ನು, ಗುಳೆ ಹೋದ ಹಮಾಲಿಯನ್ನು, ಶೇಂಗಾ ಬಿತ್ತೋದೇ ಬಿಟ್ಟ ರೈತನನ್ನು ಒಂದೇ ರಾತ್ರಿಯಲ್ಲಿ ವಾಪಸ್ ತರೋಕಾಗುತ್ತಾ? ದೆಹಲಿಯಲ್ಲಿ ಸುಂಕದ ಕಡತಕ್ಕೆ ಸಹಿ ಹಾಕೋ ಮುಂಚೆ, ಯಾರಾದ್ರೂ ಒಮ್ಮೆ ಚಳ್ಳಕೆರೆಗೆ ಬಂದು ಹೋಗಲಿ.